ಒಂದು ಸೇರು ಕಡಲೆಕಾಯಿ, ಒಂದು ವಾರದ ಪಾಠ

ಮೊನ್ನೆ ನಮ್ಮ ಗುಂಪಿನಲ್ಲಿ ಅಮೆರಿಕದಿಂದ ಒಬ್ಬರು ಕೇಳಿದ್ದರು: "ಮಗ ಸೆಕೆಂಡ್ ಗ್ರೇಡ್. ಈಗ ಬೆಂಗಳೂರಿಗೆ ವಾಪಸ್ ಬಂದರೆ ಸ್ಕೂಲಿಗೆ ಒಗ್ಗುತ್ತಾನಾ? ಅಲ್ಲಿ ಬರೀ ಬಾಯಿಪಾಠವಂತೆ, ಹೌದಾ?" ಉತ್ತರ ಕೊಟ್ಟವರಲ್ಲಿ ಅರ್ಧ ಜನ ತಾವು ಓದಿದ ಸ್ಕೂಲನ್ನು ನೆನೆಸಿಕೊಂಡು ಬರೆದಿದ್ದರು. ಅದು ಮೂವತ್ತು ವರ್ಷದ ಹಿಂದಿನ ಸ್ಕೂಲು ಕಣ್ರೀ. ನಾನು ಕಣ್ಣಾರೆ ನೋಡಿದ ಒಂದು ವಾರದ ಕಥೆ ಹೇಳುತ್ತೇನೆ, ನೀವೇ ತೂಗಿ ನೋಡಿ.

ನಾವು ನ್ಯೂಜೆರ್ಸಿಯಿಂದ ಬಂದು ಇದು ಎರಡನೇ ವರ್ಷ. ಮನೆ ಹನುಮಂತನಗರದಲ್ಲಿ. ಮಗಳು ಮೂರನೇ ಕ್ಲಾಸು. ನಡೆದು ಹೋಗುವಷ್ಟು ಹತ್ತಿರದ ಸಣ್ಣ ಸ್ಕೂಲು, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಈಜುಕೊಳ ಗೀಜುಕೊಳ ಏನೂ ಇಲ್ಲ. ಕ್ಲಾಸಿನಲ್ಲಿ 38 ಮಕ್ಕಳು.

ಕಾರ್ತಿಕ ಮಾಸದಲ್ಲಿ ಒಂದು ದಿನ ಡೈರಿಯಲ್ಲಿ ಚೀಟಿ ಬಂತು. ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುತ್ತೇವೆ, ಬಟ್ಟೆ ಚೀಲ ಕೊಟ್ಟು ಕಳಿಸಿ, ಬಿಡುವಿರುವ ಪೋಷಕರು ಜೊತೆಗೆ ಬನ್ನಿ, ಮಗುವಿಗೆ ಕಡಲೆಕಾಯಿ ಆಗಿಬರದಿದ್ದರೆ ಮೊದಲೇ ತಿಳಿಸಿ ಅಂತ. ಮಗಳು ಓದಿ ಗಾಬರಿಯಾದಳು. "ಅಮ್ಮಾ, ಪೀನಟ್ಸ್? ಸ್ಕೂಲಲ್ಲಿ?"

ಅವಳ ಗಾಬರಿ ನಿಮಗೆ ಅರ್ಥವಾಗುತ್ತದೆ, ಅಲ್ವಾ? ನ್ಯೂಜೆರ್ಸಿಯಲ್ಲಿ, ಅಲರ್ಜಿಯ ಭಯಕ್ಕೆ, ಅವಳ ಕಿಂಡರ್‌ಗಾರ್ಟನ್ ಬಾಗಿಲ ಮೇಲೇ ಕಡಲೆಕಾಯಿಗೆ ಕೆಂಪು ಗೀಟು ಹೊಡೆದ ಚಿತ್ರ ಅಂಟಿಸಿದ್ದರು. ಒಂದು ಸಲ ನಾನು ಮರೆತು ದೋಸೆಗೆ ಶೇಂಗಾ ಚಟ್ನಿಪುಡಿ ಹಾಕಿ ಕಳಿಸಿದ್ದೆ. ಡಬ್ಬಿ ಹಾಗೇ ವಾಪಸ್ ಬಂತು, ಜೊತೆಗೆ ಒಂದು ಕಾಗದ. ತಪ್ಪು ನನ್ನದೇ. ಆದರೆ ಅವತ್ತಿನಿಂದ ಮಗಳ ಲೆಕ್ಕದಲ್ಲಿ ಕಡಲೆಕಾಯಿ ಅಂದರೆ ಒಂಥರಾ ಪಟಾಕಿ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೇ ಹೊರಟೆವು, ಜನ ಸೇರುವ ಮುಂಚೆ. ಕಾರ್ತಿಕದ ಕೊನೆಯ ಸೋಮವಾರದ ಪರಿಷೆ ನಿಮಗೆ ಗೊತ್ತೇ ಇದೆ. ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ಗುಡ್ಡೆ ಗುಡ್ಡೆ ಕಡಲೆಕಾಯಿ: ಹಸಿ, ಒಣಗಿದ್ದು, ಹುರಿದದ್ದು, ಬೇಯಿಸಿದ್ದು. ನನ್ನ ಪಾಲಿಗೆ ಐದು ಮಕ್ಕಳು ಬಂದರು. ಪ್ರತಿ ಗುಂಪಿಗೂ ಒಂದೊಂದು ಕೆಲಸ. ನಮ್ಮದು ಒಂದು ಸೇರು ಹಸಿ ಕಾಯಿ ಕೊಳ್ಳುವುದು, ಮಾತು ಪೂರ್ತಿ ಕನ್ನಡದಲ್ಲಿ, ಆಂಟಿ ಬಾಯಿ ಬಿಡುವಂತಿಲ್ಲ. (ಆಂಟಿ ಅಂದರೆ ನಾನು. ಬಾಯಿ ಬಿಡದೆ ಇರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.)

ಮಾರುವ ಅಜ್ಜಿ ಅಳತೆ ಡಬ್ಬ ತುಂಬಿ, ಮೇಲೆ ಗೋಪುರ ಮಾಡಿ, ಚೀಲಕ್ಕೆ ಸುರಿದರು. ಗುಂಪಿನ ಒಬ್ಬ ಹುಡುಗ ಚೀಲ ಮುಚ್ಚಲಿಲ್ಲ. ಹಾಗೇ ಹಿಡಿದುಕೊಂಡು "ಕೊಸರು ಹಾಕಜ್ಜಿ" ಅಂದ. ಅಜ್ಜಿ ಬೈದುಕೊಂಡೇ ಒಂದು ಬೊಗಸೆ ಹಾಕಿದರು. ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ದುಡ್ಡು ಕೊಟ್ಟಾದ ಮೇಲೂ ಕೇಳಬಹುದು, ಕೇಳಿದರೆ ಸಿಗುತ್ತದೆ, ಬೈಗುಳವೂ ಅದರ ಜೊತೆಗೇ ಬರುತ್ತದೆ! ಇಂಗ್ಲಿಷಲ್ಲಿ ಕೊಸರಿಗೆ ಏನನ್ನುತ್ತಾರೆ ಅಂತ ರಾತ್ರಿ ಕೇಳಿದಳು. ನನಗೆ ಹೊಳೆಯಲಿಲ್ಲ.

ಹಿಂದೆ ಸುಂಕೇನಹಳ್ಳಿಯ, ಅಂದರೆ ಈಗಿನ ಬಸವನಗುಡಿಯ, ಹೊಲಗಳಿಗೆ ಒಂದು ಬಸವ ನುಗ್ಗಿ ಕಡಲೆಕಾಯಿ ಬೆಳೆ ತಿನ್ನುತ್ತಿತ್ತು, ಅದಕ್ಕೇ ಮೊದಲ ಬೆಳೆ ಬಸವಣ್ಣನಿಗೆ ಅಂತ ರೈತರು ಹರಕೆ ಹೊತ್ತರು. ಮಿಸ್ ದೇವಸ್ಥಾನದ ಮುಂದೆ ಈ ಕಥೆ ಹೇಳಿದರು. ಒಬ್ಬಳು ಕೈ ಎತ್ತಿ, "ಮಿಸ್, ಕಡಲೆಕಾಯಿಗಿಂತ ಮುಂಚೆ ಬಸವ ಏನು ತಿಂತಿತ್ತು?" ಅಂದಳು. ಮಿಸ್ ನಕ್ಕು, ಕಡಲೆಕಾಯಿ ಇಲ್ಲಿಗೆ ಎಲ್ಲಿಂದ ಬಂತು ಅಂತ ನಾಳೆ ನೋಡೋಣ ಅಂದರು.

ಮಂಗಳವಾರ ನಿಜವಾಗಲೂ ನೋಡಿದರು. ಭೂಪಟ ಬಿಚ್ಚಿ, ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ, ಪೋರ್ಚುಗೀಸರ ಹಡಗುಗಳು ಅದನ್ನು ಬೇರೆ ಬೇರೆ ದೇಶಗಳಿಗೆ ಹಂಚಿದವು ಅಂತ ನೂಲು ಎಳೆದು ತೋರಿಸಿದರಂತೆ. ಹಿಂದಿನ ಬೆಂಚಿನಿಂದ ಅದೇ ಕೊಸರು ಹುಡುಗ, "ಅಮೆರಿಕದಿಂದ ಬಂದಿದ್ದಾ? ಹಂಗಾದ್ರೆ ಇವಳೂ ಕಡಲೆಕಾಯಿ" ಅಂದನಂತೆ. ಮಗಳು ಮುಖ ಊದಿಸಿಕೊಂಡು ಮನೆಗೆ ಬಂದಳು.

ನನಗೆ ಬಹಳ ಇಷ್ಟವಾದದ್ದು ಬುಧವಾರದ ಗಣಿತ. ಮಧ್ಯಾಹ್ನ ನಾನೂ ಹೋಗಿದ್ದೆ, ತಕ್ಕಡಿ ಕೊಡಲು. ಎಲ್ಲಾ ಗುಂಪುಗಳೂ ತಾವು ತಂದ "ಒಂದು ಸೇರು" ತೂಗಿದವು. ನಮ್ಮ ಹಸಿ ಕಾಯಿ 400 ಗ್ರಾಂ ದಾಟಿತು. ಪಕ್ಕದ ಗುಂಪಿನ ಹುರಿದದ್ದು 300 ಕೂಡ ಬರಲಿಲ್ಲ. ಗಲಾಟೆಯೋ ಗಲಾಟೆ. ಮೋಸ, ಮೋಸ! ಮಿಸ್ ಸುಮ್ಮನಿದ್ದರು. ಐದು ನಿಮಿಷ ಕಿತ್ತಾಡಿದ ಮೇಲೆ ಒಬ್ಬಳು ಹಸಿ ಕಾಯಿ ಒಡೆದು, "ಇದರಲ್ಲಿ ನೀರಿದೆ" ಅಂದಳು. ಸೇರು ಅಳೆಯುವುದು ಜಾಗವನ್ನ, ತಕ್ಕಡಿ ತೂಗುವುದು ಭಾರವನ್ನ. ಅದನ್ನು ಬೋರ್ಡಿನ ಮೇಲೆ ಬರೆಯಬೇಕಾಗಲೇ ಇಲ್ಲ. ಆಮೇಲೆ ಹಸಿ ಕಾಯಿ ತಂದ ಎರಡು ಗುಂಪುಗಳ ತೂಕವೂ ಯಾಕೆ ಬೇರೆ ಅನ್ನುವ ಪ್ರಶ್ನೆ ಬಂತು. ಮಗಳು ಎದ್ದು ನಿಂತು, "ಮಿಸ್, ನಮ್ಮದರಲ್ಲಿ ಕೊಸರು ಸೇರಿದೆ" ಅಂದಳು. ಸ್ಪಷ್ಟ ಕನ್ನಡದಲ್ಲಿ, ಯಾರೂ ಹೇಳಿಕೊಡದೆ.

ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಬಂದದ್ದು 1956ರಲ್ಲಿ. ಪರಿಷೆಗೆ ಅದು ಇನ್ನೂ ಪೂರ್ತಿ ಬಂದಿಲ್ಲ, ಒಳ್ಳೆಯದೇ ಆಯಿತು. ಪೌಂಡು, ಔನ್ಸು ಕಲಿತು ಬಂದ ಮಗಳಿಗೆ ಪಾವು, ಅಚ್ಚೇರು, ಸೇರು ಅಷ್ಟೇನೂ ವಿಚಿತ್ರ ಅನ್ನಿಸಲಿಲ್ಲ. ಎಡವಿದ್ದು "ಕಾಲು ಕೆಜಿ"ಯಲ್ಲಿ. "ಯಾರ ಕಾಲು?" ಅಂತ ಕೇಳಿದಳು. ಅವರಪ್ಪ ಅಲ್ಲಿಂದ ತಂದಿದ್ದ ಒಂದು ಕ್ವಾರ್ಟರ್ ನಾಣ್ಯ ಹುಡುಕಿ ತೋರಿಸಿದರು: ಇದು ಕಾಲು ಡಾಲರ್, ಮೂರಾದರೆ ಮುಕ್ಕಾಲು.

ಗುರುವಾರ ಗಿಡ. ಯಾರದೋ ತಾತನ ಹೊಲದಿಂದ ಬುಡ ಸಮೇತ ಕಿತ್ತು ತಂದ ಎರಡು ಗಿಡಗಳಂತೆ. ಕಡಲೆಕಾಯಿ ಬೇರಲ್ಲ, ಹೂವು ಮಣ್ಣಿನ ಮೇಲೇ ಬಿಟ್ಟು, ಆಮೇಲೆ ಅದರಿಂದ ಸೂಜಿಯಂಥ ಎಳೆ ಇಳಿದು ಮಣ್ಣೊಳಗೆ ಹೋಗಿ ಕಾಯಿ ಕಟ್ಟುತ್ತದೆ. ನನಗೆ ಇದು ನಲವತ್ತರಲ್ಲಿ, ಮಗಳಿಂದ ತಿಳಿಯಿತು.

ಎಲ್ಲವೂ ಹೀಗೇ ಅಂತಲ್ಲ. ಶುಕ್ರವಾರ ಪೂರ್ತಿ ಟೆಸ್ಟು, ಕಾಪಿ ರೈಟಿಂಗ್, ಡಿಕ್ಟೇಶನ್. ಅವತ್ತಿನ ಹೋಂವರ್ಕ್ ನೋಡಿದರೆ ನಿಮ್ಮ ಭಯ ಸುಳ್ಳಲ್ಲ ಅನ್ನಿಸುತ್ತದೆ. ಮೂರು ಪುಟ, ಅದೇ ವಾಕ್ಯ, ಅದೇ ವಾಕ್ಯ.

ಇನ್ನು ಕನ್ನಡ ಓದುವುದು, ಬರೆಯುವುದು. 2015ರ ಕಾಯ್ದೆಯಿಂದಾಗಿ ಇಲ್ಲಿ ಯಾವ ಬೋರ್ಡಿನ ಸ್ಕೂಲಾದರೂ ಕನ್ನಡ ಕಲಿಸಲೇಬೇಕು, ಆದ್ದರಿಂದ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ. ನಾವು ಅಲ್ಲಿದ್ದಾಗ ಭಾನುವಾರದ ಕನ್ನಡ ಕ್ಲಾಸಿಗೆ ಹೋಗಿ ಅ ಆ ಇ ಈಯಿಂದ ಶುರು ಮಾಡಿ ಪ್ರತಿ ವರ್ಷ ಋ ಹತ್ತಿರ ನಿಂತುಬಿಡುತ್ತಿದ್ದೆವು. ಋ ಅಕ್ಷರಕ್ಕೆ ಋಷಿ ಬಿಟ್ಟರೆ ಅಲ್ಲಿ ಬೆಳೆಯುವ ಮಗುವಿಗೆ ಇನ್ನೊಂದು ಪದ ಗೊತ್ತಿಲ್ಲ. ಇಲ್ಲಿನ ಕನ್ನಡ ಮಿಸ್ ಮೊದಲ ವಾರವೇ ಆ ಪಟ್ಟಿ ಪಕ್ಕಕ್ಕಿಟ್ಟು ಐದೇ ಅಕ್ಷರ ಕೊಟ್ಟರು: ರ, ಗ, ಸ, ದ, ಅ. ಎಲ್ಲಾ ದುಂಡಗೆ, ಕೈ ತಿರುಗಲು ಸುಲಭ. ಈ ಐದರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಎಲ್ಲಾ ಓದಬಹುದು. ಇದು ಸರ್ಕಾರಿ ಶಾಲೆಗಳ ನಲಿ ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಅಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿರುವವರು ದಯವಿಟ್ಟು ಇದನ್ನೊಮ್ಮೆ ಮಾಡಿ ನೋಡಿ. ಮೊದಲ ದಿನವೇ ಒಂದು ಪದ ಓದಿದ ಮಗು ಎರಡನೇ ದಿನ ತಾನೇ ಬಂದು ಕೂರುತ್ತದೆ.

ಶನಿವಾರ ಅರ್ಧ ದಿನ. ಉಳಿದ ಕಾಯನ್ನೆಲ್ಲಾ ಉಪ್ಪು ಹಾಕಿ ಬೇಯಿಸಿ ತಿಂದರು. ಪರಿಷೆಯ ಬಗ್ಗೆ ನಾಲ್ಕು ಸಾಲು ಬರೆಯಬೇಕಿತ್ತು. ಮಗಳು ಬರೆದದ್ದು ಮೂರು. ಅದರಲ್ಲಿ ಒಂದು: "ಅಜ್ಜಿ ಬೈದು ಕೊಸರು ಹಾಕಿದರು." ಒತ್ತಕ್ಷರ ತಪ್ಪಿತ್ತು, ಮಿಸ್ ತಿದ್ದಿ ಪಕ್ಕದಲ್ಲಿ ನಗುವ ಮುಖ ಬರೆದಿದ್ದರು.

ಸಂಜೆ ಗೇಟಿನ ಹತ್ತಿರ ಸೈಕಲ್ ಬೆಲ್ಲು. ಅದೇ ಹುಡುಗ, ಜೊತೆಗೆ ಇನ್ನಿಬ್ಬರು. ಬಂದು ಒಂದೂವರೆ ವರ್ಷದಲ್ಲಿ ಅವಳನ್ನು ಹುಡುಕಿಕೊಂಡು ಯಾರೂ ಮನೆವರೆಗೆ ಬಂದಿರಲಿಲ್ಲ. "ಆಂಟೀ, ಕಡಲೆಕಾಯಿ ಇದ್ದಾಳಾ?" ಅಂತ ಕೂಗಿದ. ನಾನು ಉತ್ತರ ಕೊಡುವಷ್ಟರಲ್ಲಿ ಅವಳು ಚಪ್ಪಲಿ ಹಾಕಿಕೊಂಡಾಗಿತ್ತು.