ಪದ ಬೇಕು: ‘ಬ್ರೀಫ್ ಫ್ಯಾಮಿಲಿ ಥೆರಪಿ’ಗೆ ಬೋರ್ಡಿನ ಮೇಲೆ ಏನಂತ ಬರೆಯೋಣ?

ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಫ್ಲೆಕ್ಸ್‌ಗೆ ಮ್ಯಾಟರ್ ಕೊಡಬೇಕು, ಅದಕ್ಕೇ ಅವಸರ. ನವನಗರದ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಬ್ರೀಫ್ ಫ್ಯಾಮಿಲಿ ಥೆರಪಿ ಶುರು ಮಾಡುತ್ತಿದ್ದಾರೆ. ಆರು ವರ್ಷದೊಳಗಿನ ಮಕ್ಕಳಿಗೆ. ವಿಪರೀತ ಹಟ, ರಾತ್ರಿ ಬೆಚ್ಚಿ ಏಳುವುದು, ಇದ್ದಕ್ಕಿದ್ದಂತೆ ಮಾತು ಬಿಡುವುದು, ಇಂಥವು. ಗುಳಿಗೆ ಇಲ್ಲ. ಮಗುವನ್ನು ಒಂದನ್ನೇ ಕೂರಿಸಿ ಮಾತಾಡಿಸುವುದೂ ಇಲ್ಲ. ಮನೆಯವರೆಲ್ಲ ಬಂದು ಮಗುವಿನ ಜೊತೆ ಆಡುತ್ತ ಕೂರಬೇಕು. ಯಾರು ಏನಂದರೆ ಮಗು ಹೇಗಾಗುತ್ತದೆ ಎಂದು ನೋಡಿ, ಮನೆಯವರ ನಡೆಯಲ್ಲೇ ಸಣ್ಣಪುಟ್ಟ ಬದಲಾವಣೆ ಮಾಡಿಸುತ್ತಾರೆ. ವಾರಕ್ಕೊಮ್ಮೆ, ಆರೆಂಟು ಸಲ, ಅಷ್ಟೇ.

‘ಅಲ್ಪಾವಧಿ ಕುಟುಂಬ ಚಿಕಿತ್ಸೆ’ ಎಂದು ಬರೆದುಕೊಟ್ಟೆ. ಅಲ್ಲಿನ ನರ್ಸ್ ನಕ್ಕುಬಿಟ್ಟರು. ‘ಕುಟುಂಬ ಅಂತ ಕಂಡ್ರ ಹೆಣ್ಣುಮಕ್ಕಳು ಆಪರೇಷನ್ ಅಂತಾನೇ ತಿಳೀತಾರ್ರೀ’ ಅಂದರು. ಖರೆ ಮಾತು. ‘ಕುಟುಂಬ ಕಲ್ಯಾಣ’ದ ಬೋರ್ಡು ನೋಡುತ್ತಲೇ ಬೆಳೆದವರಿಗೆ ಬೇರೆ ಅರ್ಥ ಎಲ್ಲಿ ಹೊಳೆಯಬೇಕು? ಬೇಗ ಹೇಳಿ.

ವಿಜಯಪುರದಿಂದ:

ಕುಟುಂಬ ಇರಲಿ, ಮೊದಲು ಅಲ್ಪಾವಧಿ ತೆಗೆಯಿರಿ ಮೇಡಂ. ನಮ್ಮ ಕಡೆ ಅಲ್ಪಾವಧಿ ಅಂದರೆ ಸೊಸೈಟಿಯ ಬೆಳೆಸಾಲ. ಆಧಾರ್ ಕಾರ್ಡು, ಹೊಲದ ಉತಾರ ಹಿಡಿದುಕೊಂಡು ಪಾಳಿ ಹಚ್ಚಿ ನಿಂತಾರು.

ಬೆಳಗಾವಿಯಿಂದ:

ಚೇಷ್ಟೆ ಸಾಕು. ಚಿಕಿತ್ಸೆ ಎಂದರೆ ಔಷಧ ಎಂದು ತಿಳಿದವರದೇ ತಪ್ಪು. ‘ಕಿತ್’ ಧಾತುವಿಗೆ ‘ಸನ್’ ಎಂಬ ಪ್ರತ್ಯಯ, ಪಾಣಿನಿಯ ಸಂಸ್ಕೃತ ವ್ಯಾಕರಣದ ಸೂತ್ರ 3.1.5 ನೋಡಿ. ಮೂಲದಲ್ಲಿ ತಿಳಿಯುವ ಬಯಕೆ. ‘ಚಿಕಿತ್ಸಕ ಬುದ್ಧಿ’ ಅಂದಾಗ ಯಾರೂ ಗುಳಿಗೆ ಕೇಳುವುದಿಲ್ಲವಲ್ಲ. ಶುಶ್ರೂಷೆಯೂ ಹಾಗೇ. ‘ಶ್ರು’ವಿನಿಂದ ಬಂದದ್ದು, ಕೇಳುವ ಬಯಕೆ. ಅದನ್ನು ನಾವು ಗಾಯಕ್ಕೆ ಪಟ್ಟಿ ಕಟ್ಟುವ ಮಟ್ಟಕ್ಕೆ ಇಳಿಸಿದ್ದೇವೆ. ಮನೆಯವರನ್ನು ಕೂರಿಸಿ ಕೇಳುವ ಕೆಲಸಕ್ಕೆ ‘ಕುಟುಂಬ ಶುಶ್ರೂಷೆ’ಯೇ ಸರಿ. ಕುಟುಂಬ ಪದಕ್ಕೆ ಅಂಜಬೇಡಿ. ನಮ್ಮ ಓಣಿಯ ಹಳೆಯ ಮರಾಠಿ ಮಂದಿ ಹೆಂಡತಿಗೇ ಕುಟುಂಬ ಎನ್ನುತ್ತಾರೆ. ಅದಕ್ಕೇನು ಮಾಡೋಣ?

ಗೋಕಾಕದಿಂದ:

ಶುಶ್ರೂಷೆಯಂತೆ! ಫ್ಲೆಕ್ಸ್ ಹುಡುಗ ಶ, ಷ ಎರಡನ್ನೂ ಸರಿಯಾಗಿ ಹಾಕಿದರೆ ನಾನು ಈ ಬಳಗವನ್ನೇ ಬಿಡುತ್ತೇನೆ. ‘ಮನೆಮಂದಿ ಆರೈಕೆ’ ಅನ್ನಿ. ಹಳೆಗನ್ನಡದ ‘ಆರಯ್’ ಅಂದರೆ ವಿಚಾರಿಸು, ಹುಡುಕಿ ನೋಡು, ಜೋಪಾನ ಮಾಡು. ಪಾಣಿನಿಯಿಂದ ಸುತ್ತಿ ಬಂದ ಅರ್ಥ ಮನೆಯಲ್ಲೇ ಇದೆ. ಕನ್ನಡದಲ್ಲಿ ಪದ ಇಲ್ಲ ಅನ್ನುವವರು ಹುಡುಕಿಲ್ಲ, ಅಷ್ಟೇ.

ಬೆಳಗಾವಿಯಿಂದ:

ಕುರ್ಚಿ ಮೇಲೆ ಕೂತು ಅರ್ಜಿ ಬರೆದು ತಹಶೀಲ್ದಾರರಿಗೆ ಕೊಡುವಾಗ ಈ ಅಭಿಮಾನ ಎಲ್ಲಿರುತ್ತದೆ? ಅವೂ ಹೊರಗಿನ ಪದಗಳೇ. ಸಂಸ್ಕೃತ ಕಂಡರೆ ಮಾತ್ರ ಉರಿ.

ವಿಜಯಪುರದಿಂದ:

ಹಾಗಾದರೆ ಥೆರಪಿ ಅಂತಲೇ ಬಿಡಿ, ಜಗಳ ತಪ್ಪುತ್ತದೆ. ಗ್ರೀಕಿನಲ್ಲಿ ಅದೂ ಸೇವೆ, ಹತ್ತಿರ ಇದ್ದು ನೋಡಿಕೊಳ್ಳುವುದು. 2022ರಲ್ಲಿ ಸರಕಾರ ಮನಸ್ಸಿನ ತೊಂದರೆಗೆ ಸಹಾಯವಾಣಿ ತೆರೆದು ‘ಟೆಲಿ ಮನಸ್’ ಎಂದು ಹೆಸರಿಟ್ಟಿತು. 14416 ಒತ್ತುವವರು ಟೆಲಿ ಎಲ್ಲಿಯದು ಅಂತ ಕೇಳುತ್ತಾರಾ?

ಅಥಣಿಯಿಂದ:

ಥೆರಪಿ ಅಂದರೆ ನಮ್ಮ ಕಡೆ ಕಿಮೋಥೆರಪಿ ಅಂದುಕೊಂಡು ಗಾಬರಿಯಾಗುತ್ತಾರೆ ಸರ್. ನಾನು ಇದೇ ಕೆಲಸದಲ್ಲಿರುವವಳು. ಯಾರಾದರೂ ‘ಆಪ್ತಸಮಾಲೋಚನೆ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದೂ ಬೇಡ. ಸರಕಾರಿ ಆಸ್ಪತ್ರೆಯಲ್ಲಿ ಆ ಬೋರ್ಡು ಎಚ್‌ಐವಿ ಪರೀಕ್ಷೆಯ ಕೋಣೆಯ ಮೇಲಿದೆ. ಪದ ಒಳ್ಳೆಯದೇ. ಆದರೆ ಆ ಬಾಗಿಲಿನೊಳಗೆ ಹೋಗುವುದನ್ನು ನಾಲ್ಕು ಮಂದಿ ನೋಡಿದರೆ ಸುಮ್ನೆ ಮಾತಾಗುತ್ತದೆ.

ಬ್ರೀಫ್ ಅಂದರೆ ಬರೀ ಚಿಕ್ಕದು ಅಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ದಂಪತಿ 1978ರಲ್ಲಿ ಇದೇ ಹೆಸರಿನ ಕೇಂದ್ರ ತೆರೆದರು. ತೊಂದರೆಯ ಬೇರು ಅಗೆಯುತ್ತ ಕೂರುವುದಕ್ಕಿಂತ, ಏನು ಬದಲಾದರೆ ಸಾಕು ಅಂತ ಮೊದಲೇ ಗೊತ್ತುಮಾಡಿಕೊಳ್ಳುವುದು ಅವರ ದಾರಿ. ಅವರದೊಂದು ಪ್ರಶ್ನೆ ಪ್ರಸಿದ್ಧ. ರಾತ್ರಿ ಮಲಗಿದಾಗ ಪವಾಡ ಆಗಿ ತೊಂದರೆ ಹೋಯಿತು ಅಂತಿಟ್ಟುಕೊಳ್ಳಿ, ಬೆಳಿಗ್ಗೆ ಅದು ನಿಮಗೆ ಯಾವುದರಿಂದ ಗೊತ್ತಾಗುತ್ತದೆ?

ಒಂದು ಮನೆಯಲ್ಲಿ ಅಪ್ಪ ಅವ್ವ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿದ್ದರು. ಮಗ ಅಜ್ಜಿಯ ಹತ್ತಿರ ಉಳಿದಿದ್ದ. ಸೀಸನ್ ಮುಗಿಸಿ ತಿರುಗಿ ಬಂದರೆ ಹುಡುಗ ಅವ್ವನ ಹತ್ತಿರ ಹೋಗಲೊಲ್ಲ. ಮುಟ್ಟಿದರೆ ಕಿರುಚುತ್ತಿದ್ದ. ಈ ಪ್ರಶ್ನೆಯನ್ನು ಅಜ್ಜಿಗೆ ಕೇಳಿದೆ. ‘ಅವ್ವನ ಕೈಯಾಗಿನ ರೊಟ್ಟಿ ತಿಂದ್ರ ಗೊತ್ತಾಕ್ಕೈತ್ರಿ’ ಅಂದಳು. ಅದೇ ಗುರಿ ಆಯಿತು. ಪುಸ್ತಕದಲ್ಲಿ ‘ಈಗ ಹತ್ತಕ್ಕೆ ಎಷ್ಟು’ ಅಂತ ಕೇಳಬೇಕು ಅಂತಿದೆ. ಅಜ್ಜಿಗೆ ಹತ್ತರ ಲೆಕ್ಕ ಹತ್ತಲಿಲ್ಲ. ಕಡೆಗೆ ತಾನೇ ‘ರೂಪಾಯಿದಾಗ ಆರಾಣೆ ಸುಧಾರ್ಸ್ಯಾನ್ರೀ’ ಅಂದಳು. ಆಮೇಲಿಂದ ಎಲ್ಲರಿಗೂ ನಾನು ಆಣೆಯಲ್ಲೇ ಕೇಳುತ್ತೇನೆ.

ಈ ಅಜ್ಜಿ ಬರದಿದ್ದರೆ ಏನೂ ಆಗುತ್ತಿರಲಿಲ್ಲ. ‘ಕುಟುಂಬ’ ಅಂತ ಓದಿ ಗಂಡ ಹೆಂಡತಿ ಇಬ್ಬರೇ ಬರುತ್ತಾರೆ. ‘ಮನೆಮಂದಿ’ ಅಂದರೆ ಅಜ್ಜಿ, ಅತ್ತೆ, ಕಾಕಾ ಎಲ್ಲ ಬಂದರು. ಗೋಕಾಕದ ಸರ್ ಹೇಳಿದ ಅರ್ಧ ಸರಿ. ಆರೈಕೆ ಮಾತ್ರ ಬಾಣಂತಿಗೆ ಮೀಸಲು. ಹೆಸರಿನ ಗೋಜೇ ಬೇಡ ಅಕ್ಕಾ, ಹೀಗೆ ಹಾಕಿ: ‘ಸಣ್ಣ ಮಕ್ಕಳ ಹಟ, ಅಂಜಿಕೆ, ನಿದ್ದೆಯ ತೊಂದರೆಗೆ ಮನೆಮಂದಿಗೆಲ್ಲ ಕೂಡಿಸಿ ಸಲಹೆ. ವಾರಕ್ಕೊಮ್ಮೆ, ಆರೆಂಟು ಭೇಟಿ. ಗುಳಿಗೆ ಇಲ್ಲ.’ ಗುಣವಾಗುತ್ತದೆ ಅಂತ ಮಾತ್ರ ಬರೆಯಬೇಡಿ. ಕೆಲವು ಮಕ್ಕಳನ್ನು ಮುಂದೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಬೇಕಾಗುತ್ತದೆ.

ಗೋಕಾಕದಿಂದ:

ಒಪ್ಪಿದೆ. ಸಲಹೆ ನಮ್ಮ ‘ಸಲಹು’ ಪದದಿಂದ ಬಂದದ್ದು. ಅಪ್ಪಟ ಕನ್ನಡ.

ಬೆಳಗಾವಿಯಿಂದ:

ಅಪ್ಪಟ ಅರಬ್ಬಿ. ಸಲಾಹ್. ಸಲಹುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಗೋಕಾಕದಿಂದ:

ಪುರಾವೆ ಕೊಡಿ.

ಬೆಳಗಾವಿಯಿಂದ:

ಪುರಾವೆ ಮರಾಠಿ.

ಬಾಗಲಕೋಟೆಯಿಂದ:

ಅಥಣಿಯ ಅಕ್ಕಾ ಬರೆದದ್ದೇ ಪ್ರಿಂಟಿಗೆ ಹೋಯಿತು. ಡಾಕ್ಟರು ಬಿಡಲಿಲ್ಲ, ಅದಕ್ಕೆ ಕೆಳಗೆ ಸಣ್ಣಕ್ಷರದಲ್ಲಿ ‘ಬ್ರೀಫ್ ಫ್ಯಾಮಿಲಿ ಥೆರಪಿ’ ಅಂತಲೂ ಇದೆ. ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ವಾರ ಕರಪತ್ರ ಮಾಡಿಸಬೇಕು. ಅದರಲ್ಲಿ ‘ಸೆಷನ್’ ಅಂತ ಬಹಳ ಸಲ ಬರುತ್ತದೆ. ಎಲ್ಲ ಕಡೆ ಭೇಟಿ ಅಂದರೆ ನಡೆಯುತ್ತದಾ?

ವಿಜಯಪುರದಿಂದ:

ನಡೆಯುತ್ತದೆ. ‘ಅಧಿವೇಶನ’ ಒಂದು ಬೇಡ. ಸುವರ್ಣಸೌಧದ ಮುಂದೆ ಪೆಂಡಾಲ್ ಹಾಕಬೇಕಾದೀತು.