ಅಜ್ಜಿಯ ಕಥೆಯನ್ನು ಯಾವ ಕನ್ನಡದಲ್ಲಿ ಬರೆದಿಡಬೇಕು?

ಪ್ರಶ್ನೆ (ಕಾಸರಗೋಡಿನ ಬದಿಯಡ್ಕದಿಂದ):
ನಮ್ಮ ಅಜ್ಜಿ ಹೇಳುವ ಕಥೆಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಬರೆದಿಡುತ್ತಿದ್ದೇನೆ. ಅವರದು ಹವ್ಯಕ ಕನ್ನಡ; ಗದ್ದೆಯ ಪ್ರಸಂಗ ಬಂದರೆ ತುಳು, ಪೇಟೆಯ ಪ್ರಸಂಗ ಬಂದರೆ ಮಲಯಾಳದ ಮಾತುಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಬೆಂಗಳೂರಿನ ಬಂಧುಗಳಿಗೂ ಅರ್ಥವಾಗಲೆಂದು ಶಿಷ್ಟ ಕನ್ನಡಕ್ಕೆ ತಿದ್ದಿದರೆ ಕಥೆ ಸಪ್ಪೆಯಾಗುತ್ತದೆ. ಹಾಗೆಯೇ ಬಿಟ್ಟರೆ ‘ಇದು ಕನ್ನಡವೇ?’ ಎಂದು ಕೇಳುತ್ತಾರೆ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಕನ್ನಡಿಗರೆಂದೇ ಹೇಳಿಕೊಂಡು ಬಂದ ನಮಗೆ ಆ ಪ್ರಶ್ನೆ ತುಸು ನೋಯಿಸುತ್ತದೆ. ಯಾವ ರೂಪದಲ್ಲಿ ಉಳಿಸುವುದು ಸರಿ?

ಉತ್ತರ (ನೀರ್ಚಾಲಿನ ನಿವೃತ್ತ ಅಧ್ಯಾಪಕ):
ದಯವಿಟ್ಟು ತಿದ್ದಬೇಡಿ. ಅಜ್ಜಿಯ ವಾಕ್ಯಗಳ ಕೊನೆಯಲ್ಲಿ ಬರುವ ‘ಅಡ’ವನ್ನು ಗಮನಿಸಿದ್ದೀರಾ? ಶಿಷ್ಟ ಕನ್ನಡದ ‘ಅಂತೆ’ಯ ಹಾಗೆ ಅದು, ಇದು ತಾನು ಕಂಡದ್ದಲ್ಲ, ಹಿರಿಯರ ಬಾಯಿಂದ ಕೇಳಿದ್ದು ಎಂದು ವಾಕ್ಯವಾಕ್ಯಕ್ಕೂ ನೆನಪಿಸುತ್ತದೆ. ತುಳುವಿನ ‘ಗೆ’, ಮಲಯಾಳದ ‘ಅತ್ರೇ’ ಕೂಡ ಇದೇ ಕೆಲಸಕ್ಕೆ ಇರುವಂಥವು. ‘ರಾಜನಿದ್ದನು’ ಎಂದು ಬರೆದ ಕೂಡಲೇ ನಿಮ್ಮ ಅಜ್ಜಿಗೆ ಆ ಕಥೆ ಹೇಳಿದ ಅವರ ಅಜ್ಜಿ ಮಾಯವಾಗುತ್ತಾರೆ.

ಉತ್ತರ (ಮಂಗಳೂರಿನಿಂದ):
ಮಾಷ್ಟ್ರ ಮಾತು ನಿಜವೇ, ಆದರೆ ಓದುಗನಿಗೆ ಅರ್ಥವೂ ಆಗಬೇಕಲ್ಲ? ಎದುರು ಪುಟದಲ್ಲಿ ಶಿಷ್ಟ ರೂಪ ಕೊಡಿ.

ಉತ್ತರ (ಪೈವಳಿಕೆಯಿಂದ):
ಎದುರು ಪುಟಕ್ಕಿಂತ ಎದುರಿಗೆ ಕುಳಿತವರು ಮುಖ್ಯ. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರ ತಂಡ 1990ರಲ್ಲಿ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಪಾಡ್ದನವನ್ನು (ಹಾಡಿ ಹೇಳುವ ಕಥೆಯನ್ನು) ಹಲವು ದಿನ ಹಾಡಿಸಿ ದಾಖಲಿಸಿದಾಗ ಅದು 15,683 ಸಾಲುಗಳಿಗೆ ಬೆಳೆಯಿತು. ನಾನು ನೇಜಿ (ಭತ್ತದ ಸಸಿ) ನೆಡುವ ಹೆಂಗಸೊಬ್ಬರನ್ನು ಜಗಲಿಯಲ್ಲಿ ಕುಳ್ಳಿರಿಸಿ ಹಾಡಿಸಿದ ಪಾಡ್ದನವಾದರೋ ಹತ್ತೇ ನಿಮಿಷಕ್ಕೆ ಮುಗಿದುಹೋಯಿತು. ಸಾಲಿಗೆ ಸಾಲು ಎತ್ತಿಕೊಳ್ಳುವ ಜೊತೆಗಾತಿಯರೇ ಇಲ್ಲದಿದ್ದರೆ ಅವರು ಹಾಡುವುದಾದರೂ ಯಾರಿಗೆ? ಅಜ್ಜಿಯ ಎದುರು ಮೊಬೈಲೊಂದನ್ನೇ ಇಡಬೇಡಿ, ಹೂಂಗುಟ್ಟಲು ಮಗುವೊಂದನ್ನೂ ಕೂರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ತಂಗಿಯ ಮಗನನ್ನು ಕೂರಿಸಿ ಕುಂಬಳೆಯ ಬಳಿಯ ಅನಂತಪುರದ ಕೆರೆ ದೇವಸ್ಥಾನದ ಕಥೆಯನ್ನು ಮತ್ತೆ ಹೇಳಿಸಿದೆ. ಬಿಲ್ವಮಂಗಲ ಸ್ವಾಮಿಗಳು ತುಂಟ ಬಾಲಕನನ್ನು ತಳ್ಳಿದ್ದು, ಅವನು ಗುಹೆಯಲ್ಲಿ ಮರೆಯಾಗುತ್ತ ಅನಂತನಕಾಡಿಗೆ ಬಾ ಎಂದದ್ದು, ಎಲ್ಲದಕ್ಕೂ ‘ಅಡ’ ಇತ್ತು. ಕೆರೆಯ ಮೊಸಳೆ ಬಬಿಯಾನ ವಿಷಯ ಬಂದಾಗ ಮಾತ್ರ ಇರಲಿಲ್ಲ. ಏಕೆಂದು ಕೇಳಿದೆ. ಅದು 2022ರಲ್ಲಿ ಸಾಯುವ ಮೊದಲು ಎಷ್ಟೋ ಸಲ ನೋಡಿದ್ದರಂತೆ. ‘ಅದರ ಆನೇ ಕಂಡಿದೆ’ (ಅದನ್ನು ನಾನೇ ಕಂಡಿದ್ದೇನೆ) ಎಂದರು.