ಬರ್ಮಾ ಅಂಬರ್‌ನೊಳಗಿನ ಜೀರುಂಡೆ: ಪಾಲಿಶ್ ಆದಮೇಲೆ ಮೈ ಅಂಟಂಟು, ಫೋಟೊ ಮಬ್ಬು

ಪ್ರಶ್ನೆ: 14 ಮಿ.ಮೀ. ಉದ್ದದ, ಬರ್ಮಾದ ಕಚಿನ್ ಪ್ರಾಂತ್ಯದ ಅಂಬರ್ (ಕಲ್ಲಾದ ಮರದ ರಾಳ) ತುಂಡು, ಒಳಗೆ 2 ಮಿ.ಮೀ. ಜೀರುಂಡೆ. ಮಿನಿ ಡ್ರಿಲ್‌ಗೆ ಫೆಲ್ಟ್ ಬಿಲ್ಲೆ ಹಾಕಿ ಪಾಲಿಶ್ ಮಾಡಿದ್ದು. ಈಗ ಮೈ ಅಂಟುತ್ತಿದೆ, ಕೂದಲೆಳೆಯಂಥ ಬಿರುಕುಗಳೂ ಬಂದಿವೆ. ಹೊಟ್ಟೆಯ ಕಡೆ ಬೆಳ್ಳಿ ಪೊರೆಯಂಥ ಹೊಳಪು, ಪಾದದ ಗಂಟು ಎಣಿಸಲಾಗುತ್ತಿಲ್ಲ. ಕೋಪಲ್ (ಇನ್ನೂ ಪೂರ್ತಿ ಅಂಬರ್ ಆಗದ ಎಳೆಯ ರಾಳ) ಕೊಟ್ಟು ಮೋಸ ಮಾಡಿದರೇ?

ಉತ್ತರ 1: ಅಂಟಿದ ಮಾತ್ರಕ್ಕೆ ಕೋಪಲ್ ಅನ್ನಬೇಡಿ. ಡ್ರಿಲ್ ವೇಗಕ್ಕೆ ಬಿಸಿಯೇರಿದರೆ ಅಸಲಿ ಅಂಬರ್ ಕೂಡ ಮೆತ್ತಗಾಗುತ್ತದೆ, ಬಿರುಕೂ ಬಿಡುತ್ತದೆ. ಕೀಟದಿಂದ ದೂರದ ಮೂಲೆಯಲ್ಲಿ ಒಂದು ಹನಿ ಅಸಿಟೋನ್ ಇಟ್ಟು, 10 ಸೆಕೆಂಡ್ ಬಿಟ್ಟು ಒರೆಸಿ ಮುಟ್ಟಿ ನೋಡಿ. ಕೋಪಲ್ ಬೇಗ ಜಿಗುಟಾಗುತ್ತದೆ. ಉಪ್ಪುನೀರಿನಲ್ಲಿ ತೇಲಿಸುವ ಪರೀಕ್ಷೆ ಇಲ್ಲಿ ದಂಡ, ಕೋಪಲ್ಲೂ ತೇಲುತ್ತದೆ. ಅದು ಹಿಡಿದುಕೊಡುವುದು ಗಾಜನ್ನು, ಕೆಲವು ಪ್ಲಾಸ್ಟಿಕ್‌ಗಳನ್ನು ಅಷ್ಟೇ.

ಪ್ರಶ್ನೆ: ಅಸಿಟೋನ್‌ಗೆ ಜಿಗುಟಾಗಲಿಲ್ಲ. ಯುವಿ ಟಾರ್ಚ್ ಬಿಟ್ಟರೆ ದಟ್ಟ ನೀಲಿ ಹೊಳೆಯುತ್ತದೆ.

ಉತ್ತರ 1: ಕಚಿನ್ ಅಂಬರ್ ಹಾಗೇ ಹೊಳೆಯುವುದು. ಎರಡೂ ಕೂಡಿ ಬಂದಿರುವುದರಿಂದ ಅಸಲಿ ಎಂದೇ ಹಿಡಿಯಿರಿ. ಅಲ್ಲಿನ ನಿಕ್ಷೇಪಕ್ಕೆ 2012ರಲ್ಲಿ ಜಿರ್ಕಾನ್ ಎಂಬ ಖನಿಜದ ಹರಳುಗಳಿಂದ ಸಿಕ್ಕ ವಯಸ್ಸು ಸುಮಾರು 9.9 ಕೋಟಿ ವರ್ಷ. ಮೈ ಅಂಟಾಗಿದ್ದು ಡ್ರಿಲ್ ಬಿಸಿಗೆ, ಹಾಗಾಗಿ ಇನ್ನು ಕೈಯಿಂದಲೇ ಉಜ್ಜಿ. ಗಾಜಿನ ಮೇಲೆ ವಾಟರ್‌ಪೇಪರ್ (ಒದ್ದೆಯಾಗಿ ಬಳಸುವ ಉಜ್ಜು ಕಾಗದ) ಹಾಸಿ, ನೀರು ಬಿಡುತ್ತಾ 1000, 2000, 3000 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ಕಾಳು ನಯ). ಪ್ರತಿ ಸಲವೂ ದಿಕ್ಕನ್ನು 90 ಡಿಗ್ರಿ ತಿರುಗಿಸಿ, ಹಳೆಯ ಗೀರು ಪೂರ್ತಿ ಅಳಿಯುವತನಕ ಮುಂದಿನ ಪೇಪರ್ ಮುಟ್ಟಬೇಡಿ. ನಡುವೆ ತುಂಡನ್ನು ತೊಳೆಯದಿದ್ದರೆ 1000ದ ಒಂದೇ ಕಾಳು ಸಾಕು, ಕೊನೆಯ ಹೊಳಪೆಲ್ಲ ಹಾಳು. ಕಡೆಗೆ ಒದ್ದೆ ಬಟ್ಟೆಯ ಮೇಲೆ ಸೀರಿಯಂ ಆಕ್ಸೈಡ್ ಎಂಬ ಪಾಲಿಶ್ ಪುಡಿ. ಕೀಟದ ಮೇಲೆ ಅರ್ಧ ಮಿ.ಮೀ. ಆದರೂ ಉಳಿಯಲಿ. ಬಿರುಕು ಕೀಟದತ್ತ ಇಳಿದಿದ್ದರೆ ಆ ಕಡೆ ಉಜ್ಜುವುದನ್ನೇ ನಿಲ್ಲಿಸಿ.

ಉತ್ತರ 2: ಬೆಳ್ಳಿ ಪೊರೆ ಪಾಲಿಶ್‌ಗೆ ಹೋಗುವಂಥದ್ದಲ್ಲ. ಕೀಟದ ಮೈಗೂ ರಾಳಕ್ಕೂ ನಡುವೆ ಗಾಳಿ ಸೇರಿ ಬೆಳಕು ಅಲ್ಲೇ ಪ್ರತಿಫಲಿಸುತ್ತಿದೆ. ಅದನ್ನು ತೆಗೆಯಲು ಹೊಟ್ಟೆಯ ಕಡೆ ಉಜ್ಜುತ್ತಾ ಹೋದರೆ ಪಾದವೇ ಸವೆದುಹೋದೀತು. ಹಿಂಗಾಲಿನ ಪಾದದಲ್ಲಿ 4 ಗಂಟೋ 5 ಗಂಟೋ ಎಂಬುದರ ಮೇಲೆ ಕುಟುಂಬದ ಗುರುತೇ ಬದಲಾಗುತ್ತದೆ, ಅದನ್ನು ಕಳೆದುಕೊಳ್ಳಬೇಡಿ. ಬದಲಿಗೆ ಪಕ್ಕದಲ್ಲಿ ಇನ್ನೊಂದು ಸಪಾಟು ಮುಖ ಮಾಡಿ, ಒಂದು ಹನಿ ಗ್ಲಿಸರಿನ್ ಹಾಕಿ ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ. ಅಂಬರ್‌ನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) 1.54, ಗ್ಲಿಸರಿನ್‌ನದು 1.47. ಹತ್ತಿರ ಇರುವುದರಿಂದ ಸಣ್ಣ ಗೀರುಗಳೂ ಮಾಯ. ಬೆಳಕು ಕೆಳಗಿನಿಂದ ಬರಲಿ. ಮುಗಿದ ಮೇಲೆ ನೀರಿನಲ್ಲಿ ತೊಳೆದು ಒರೆಸಿ. ಲವಂಗದೆಣ್ಣೆ, ಟರ್ಪೆಂಟೈನ್ ಹತ್ತಿರ ಸುಳಿಯದಿರಲಿ, ಅಲ್ಟ್ರಾಸಾನಿಕ್ ಕ್ಲೀನರ್ ಕೂಡ ಬೇಡ. ಡಬ್ಬಿ ಕತ್ತಲಲ್ಲಿ, ತಂಪಾದ ಕಡೆ ಇರಲಿ.